ಮನೆಗೆ ಯಾವ ಸ್ಕ್ಯಾನರ್? ಮೊದಲು ಬೀರು ತೆಗೆದು ನೋಡಿ

ಸ್ಕ್ಯಾನರ್ ತರುವ ಯೋಚನೆ ಬಂದಿದ್ದರೆ ಅಂಗಡಿಗೆ ಹೋಗುವ ಮೊದಲು ಬೀರು ತೆಗೆಯಿರಿ. ಸ್ಕ್ಯಾನ್ ಮಾಡಬೇಕು ಅಂದುಕೊಂಡಿರುವುದನ್ನೆಲ್ಲ ಕೆಳಗಿಳಿಸಿ ಚಾಪೆ ಮೇಲೆ ಹರಡಿ. ಬಿಡಿ ಹಾಳೆ ಒಂದು ಗುಡ್ಡೆ. ಹೊಲಿದದ್ದು, ಬೈಂಡ್ ಆದದ್ದು ಇನ್ನೊಂದು. ಬಿಡಿ ಫೋಟೋ, ಅಂಟಿಸಿದ ಆಲ್ಬಂ, ಗೋಡೆ ಮೇಲಿನ ಫ್ರೇಮು, ಸ್ಟುಡಿಯೋ ಕವರಿನಲ್ಲಿರುವ ನೆಗೆಟಿವ್, ಇವೆಲ್ಲ ಬೇರೆ ಬೇರೆ. ಯಾವ ಗುಡ್ಡೆ ದೊಡ್ಡದು, ಯಾವುದು ದಿನೇ ದಿನೇ ಹಾಳಾಗುತ್ತಿದೆ ಅಂತ ನೋಡಿದರೆ ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿಯುತ್ತದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ 4800 ಡಿಪಿಐಗೆ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಇದರಲ್ಲಿ ಅಷ್ಟೇನೂ ಕೆಲಸ ಇಲ್ಲ.

ಹೀಗೆ ಹರಡಿದ ಮೇಲೆ ಸ್ಕ್ಯಾನರೇ ಬೇಡ ಅನ್ನಿಸಲೂಬಹುದು. ಹಾಗಾಗಿ ದುಡ್ಡು ಖರ್ಚಿಲ್ಲದ ದಾರಿಯಿಂದಲೇ ಶುರು ಮಾಡೋಣ.

ಫೋನ್ ಸಾಕಾ?

ತಿಂಗಳಿಗೆ ಹತ್ತಿಪ್ಪತ್ತು ಬಿಡಿ ಹಾಳೆ ಅಷ್ಟೇ ಅಂದರೆ ಫೋನ್ ಸಾಕು. ಶಾಲೆ ಫೀಸಿನ ರಸೀದಿ, ಆಸ್ಪತ್ರೆ ಚೀಟಿ, ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಕಾದ ಪಹಣಿ, ಇದಕ್ಕೆಲ್ಲ ಯಂತ್ರ ತರುವುದು ದಂಡ. ಆಂಡ್ರಾಯ್ಡ್ ಫೋನಿನ ಗೂಗಲ್ ಡ್ರೈವ್‌ನಲ್ಲೇ ಸ್ಕ್ಯಾನ್ ಮಾಡಬಹುದು. ಐಫೋನಿನ ನೋಟ್ಸ್ ಆಪ್‌ನಲ್ಲಿ 2017ರಿಂದ ಈ ಸೌಕರ್ಯ ಇದೆ. ಅಡೋಬಿ ಸ್ಕ್ಯಾನ್ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಒಂದೇ ಆಪ್ ನಂಬಿ ಕೂರಬೇಡಿ. ಒಂದು ಕಾಲಕ್ಕೆ ಎಲ್ಲರ ಫೋನಿನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರ್, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳ ಪಟ್ಟಿಯಲ್ಲಿತ್ತು. ಮೈಕ್ರೋಸಾಫ್ಟ್ ಲೆನ್ಸ್ ನಿಲ್ಲಿಸುತ್ತೇವೆ ಅಂತ ಆ ಕಂಪನಿಯೇ 2025ರಲ್ಲಿ ಹೇಳಿತು. ಆಪ್ ಹೋದರೂ ಪುಟ ಉಳಿಯಬೇಕು ಅಲ್ವಾ? ಸ್ಕ್ಯಾನ್ ಮಾಡಿದ ದಿನವೇ ಪಿಡಿಎಫ್ ಮಾಡಿ ಕಂಪ್ಯೂಟರಿಗೆ ಹಾಕಿಟ್ಟುಕೊಳ್ಳಿ.

ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳಿಗಾಗಿ ಸ್ಕ್ಯಾನರ್ ತರುತ್ತೇವೆ ಅನ್ನುವವರೂ ಇದ್ದಾರೆ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಫೋಟೋ 20ರಿಂದ 50 ಕೆಬಿ ಒಳಗಿರಬೇಕು, ಸಹಿ 10ರಿಂದ 20 ಕೆಬಿ. ಅಷ್ಟು ಸಣ್ಣ ಚಿತ್ರಕ್ಕೆ ಒಳ್ಳೆ ಬೆಳಕಿನಲ್ಲಿ ತೆಗೆದ ಫೋನ್ ಫೋಟೋ ಧಾರಾಳ. ಅಲ್ಲಿ ಕಷ್ಟ ಇರುವುದು ಕೆಬಿ ಇಳಿಸುವುದರಲ್ಲಿ.

ಡಿಜಿಲಾಕರ್ ಕೂಡ ಒಮ್ಮೆ ತೆರೆದು ನೋಡಿ. ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ, ಈಚಿನ ವರ್ಷಗಳ ಮಾರ್ಕ್ಸ್‌ಕಾರ್ಡ್ ಅಲ್ಲಿಯೇ ಸಿಕ್ಕರೆ ಸ್ಕ್ಯಾನ್ ಮಾಡುವ ಪಟ್ಟಿಯಿಂದ ತೆಗೆದುಹಾಕಿ. ಇಲಾಖೆಯೇ ಅಲ್ಲಿಗೆ ಕೊಟ್ಟ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ.

ಫೋನ್ ಸೋಲುವುದು ಫೋಟೋ ವಿಷಯದಲ್ಲಿ. ಹೊಳಪು ಕಾಗದದ ಮೇಲೆ ಟ್ಯೂಬ್‌ಲೈಟ್ ಬಿದ್ದು ಬಿಳಿ ಪಟ್ಟಿ ಬರುತ್ತದೆ. ಒಂದು ಮೂಲೆ ಬೆಳಗಿ ಇನ್ನೊಂದು ಮಂಕಾಗುತ್ತದೆ. ನಾಲ್ಕೂ ಅಂಚು ನೇರ ಬರುವುದಿಲ್ಲ. ಗೂಗಲ್‌ನ ಫೋಟೋಸ್ಕ್ಯಾನ್ ಆಪ್ ನಾಲ್ಕು ಮೂಲೆಯಿಂದ ಚಿತ್ರ ತೆಗೆದು, ಒಂದರ ಮೇಲೊಂದು ಸೇರಿಸಿ ಹೊಳಪನ್ನು ಅಳಿಸುತ್ತದೆ. ಮದುವೆ ಮನೆಯಲ್ಲಿ ಯಾರದೋ ಆಲ್ಬಂ ಕೈಗೆ ಸಿಕ್ಕಾಗ ಒಳ್ಳೆ ಉಪಾಯ. ಮನೆಯ ಎಲ್ಲ ಫೋಟೋಗೂ ಅದೇ ಸಾಕು ಅಂತ ನಾನು ಹೇಳಲಾರೆ.

ಪ್ರಿಂಟರಿನ ಮುಚ್ಚಳದ ಕೆಳಗಿನ ಸ್ಕ್ಯಾನರ್

ಲಾಕ್‌ಡೌನ್ ಹೊತ್ತಿಗೆ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಇಂಕ್ ಟ್ಯಾಂಕ್ ಪ್ರಿಂಟರ್ ತಂದವರು ತುಂಬ ಜನ. ಅದರ ಮುಚ್ಚಳ ಎತ್ತಿದರೆ ಗಾಜಿದೆ. ಅಂದರೆ ಮನೆಯಲ್ಲಿ ಒಂದು ಸ್ಕ್ಯಾನರ್ ಆಗಲೇ ಇದೆ. ಎಪ್ಸನ್ ಎಲ್3250 ಥರದ ಪ್ರಿಂಟರಿನಲ್ಲಿ ಸ್ಕ್ಯಾನ್ ರೆಸಲ್ಯೂಷನ್ 600 × 1200 ಡಿಪಿಐ. ಈ ಬೆಲೆಯ ಬೇರೆ ಪ್ರಿಂಟರ್‌ಗಳೂ ಇದರ ಆಸುಪಾಸಿನಲ್ಲೇ ಇವೆ. ದಾಖಲೆಗೆ ಇದು ಬೇಕಾದ್ದಕ್ಕಿಂತ ಜಾಸ್ತಿ. ಬಿಡಿ ಫೋಟೋಗೂ ಪರವಾಗಿಲ್ಲ.

ಹಾಗಾದರೆ ಬೇರೆ ಸ್ಕ್ಯಾನರ್ ಯಾಕೆ? ಬಣ್ಣ ಮಾಸಿದ ಫೋಟೋ, ಗೋಡೆಯ ಫ್ರೇಮು, ದಪ್ಪ ಪುಸ್ತಕ, ನೆಗೆಟಿವ್. ಈ ನಾಲ್ಕರಲ್ಲಿ ಒಂದಾದರೂ ನಿಮ್ಮ ಚಾಪೆ ಮೇಲೆ ದೊಡ್ಡ ಗುಡ್ಡೆಯಾಗಿ ಬಿದ್ದಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ಇದೇ ಪ್ರಿಂಟರಿನ ಗಾಜು ಒರೆಸಿ ಕೆಲಸ ಶುರು ಮಾಡಿ.

ಪ್ರಿಂಟರ್ ಇಲ್ಲ, ಎರಡೂ ಬೇಕು ಅನ್ನುವವರು ಒಂದು ವಿಷಯ ನೋಡಿಕೊಳ್ಳಿ. ಮೇಲೆ ಹಾಳೆ ಇಟ್ಟರೆ ತಾನೇ ಎಳೆದುಕೊಳ್ಳುವ ಫೀಡರ್ ಕೆಲವು ಮಾಡೆಲ್‌ಗಳಲ್ಲಿ ಇರುತ್ತದೆ. ಗಾಜು ಎ4 ಆದರೂ ಫೀಡರ್ ಲೀಗಲ್ ಸೈಜ್ ತೆಗೆದುಕೊಳ್ಳುವಂಥವೂ ಇವುಗಳಲ್ಲಿವೆ. ನಮ್ಮ ಕಡೆಯ ಆಸ್ತಿ ಪತ್ರಗಳಿಗೆ ಇದು ದೊಡ್ಡ ಅನುಕೂಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತೆಳ್ಳಗಿನದೋ ದಪ್ಪನೆಯದೋ

ಗಾಜಿನ ಸ್ಕ್ಯಾನರ್‌ಗಳಲ್ಲಿ ಎರಡು ಜಾತಿ. ಸಿಐಎಸ್ ಮತ್ತು ಸಿಸಿಡಿ. ಕೊಳ್ಳುವವರಿಗೆ ಗೊತ್ತಿರಬೇಕಾದ ತಾಂತ್ರಿಕ ವಿಷಯ ಒಂದೇ ಒಂದು ಇದ್ದರೆ ಅದು ಇದೇ. ಅಂಗಡಿಯವರು ಹೇಳದೆ ಬಿಡುವುದೂ ಇದನ್ನೇ.

ಸಿಐಎಸ್‌ನಲ್ಲಿ ಸೆನ್ಸರ್ ಪಟ್ಟಿ ಗಾಜಿಗೆ ಅಂಟಿದಂತೆ ಓಡಾಡುತ್ತದೆ. ಬೆಳಕು ಎಲ್‌ಇಡಿಯದು. ಕನ್ನಡಿ, ದೊಡ್ಡ ಲೆನ್ಸ್ ಏನೂ ಬೇಡ. ಹಾಗಾಗಿ ಯಂತ್ರ ತೆಳ್ಳಗೆ, ಹಗುರ, ಅಗ್ಗ. ಯುಎಸ್‌ಬಿ ವೈರಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ. ಕ್ಯಾನನ್ ಲೈಡ್ 300, ಲೈಡ್ 400, ಎಪ್ಸನ್ ಪರ್ಫೆಕ್ಷನ್ ವಿ39 ಇದೇ ಜಾತಿ. ಪ್ರಿಂಟರಿನೊಳಗಿನ ಸ್ಕ್ಯಾನರೂ ಸಾಮಾನ್ಯವಾಗಿ ಇದೇ.

ಸಿಸಿಡಿಯಲ್ಲಿ ಚಿತ್ರ ಕನ್ನಡಿಗಳಿಂದ ತಿರುಗಿ, ಲೆನ್ಸ್ ಮೂಲಕ ಹಾದು ಸೆನ್ಸರಿಗೆ ಹೋಗುತ್ತದೆ. ಅದಕ್ಕೆ ಜಾಗ ಬೇಕು. ಆದ್ದರಿಂದ ಯಂತ್ರ ದಪ್ಪ, ಭಾರ, ಬೇರೆ ಅಡಾಪ್ಟರ್ ಬೇಕು, ಬೆಲೆಯೂ ಹಲವು ಪಟ್ಟು. ಎಪ್ಸನ್ ವಿ600 ಮತ್ತು ವಿ850 ಈ ಜಾತಿ.

ಇಷ್ಟೆಲ್ಲ ಖರ್ಚು ಮಾಡಿ ಸಿಗುವುದು ಏನು ಅಂದರೆ ಆಳ. ಸಿಐಎಸ್ ಹತ್ತಿರದ ಕನ್ನಡಕ ಹಾಕಿಕೊಂಡವರ ಹಾಗೆ. ಗಾಜಿಗೆ ತಾಗಿದ್ದು ಚೊಕ್ಕ ಕಾಣುತ್ತದೆ, ಒಂದೆರಡು ಮಿಲಿಮೀಟರ್ ಮೇಲೆದ್ದರೆ ಮಸುಕು. ಸಿಸಿಡಿಗೆ ಕೆಲವು ಮಿಲಿಮೀಟರ್ ಮೇಲಿರುವುದೂ ಕಾಣುತ್ತದೆ.

ಇದು ಎಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ. ಗೋಡೆಯ ಮೇಲೆ ಮುತ್ತಜ್ಜನ ಫೋಟೋ ಇದೆ. ವರ್ಷಾನುಗಟ್ಟಲೆ ಹಾರ ಹಾಕಿ, ಕುಂಕುಮ ಇಟ್ಟು ಗಾಜಿನ ಮೇಲೆ ಕೆಂಪು ಕಲೆ ಉಳಿದಿದೆ. ಒಳಗೆ ಮಳೆಗಾಲದ ತೇವ ಸೇರಿ ಫೋಟೋ ಗಾಜಿಗೇ ಅಂಟಿಕೊಂಡಿದೆ. ಮಲೆನಾಡು, ಕರಾವಳಿ ಕಡೆ ಇದು ಮಾಮೂಲು. ಹಾಗೆ ಅಂಟಿದ್ದನ್ನು ಎಳೆದರೆ ಚಿತ್ರದ ಪದರ ಗಾಜಿನ ಮೇಲೇ ಉಳಿದು, ಕೈಗೆ ಬರೀ ಕಾಗದ ಬರುತ್ತದೆ. ಎಳೆಯಬೇಡಿ. ಫ್ರೇಮಿನ ಹಿಂದಿನ ಮೊಳೆ ತೆಗೆದು, ಗಾಜು ಮತ್ತು ಫೋಟೋ ಜೊತೆಯಲ್ಲೇ ಹೊರಗೆ ತೆಗೆಯಿರಿ. ಹೊರಮೈ ಒರೆಸಿ, ಹಾಗೇ ಸ್ಕ್ಯಾನರ್ ಮೇಲೆ ಮಲಗಿಸಿ. ನಡುವೆ ಎರಡು ಮೂರು ಮಿಲಿಮೀಟರ್ ಗಾಜು ಇರುತ್ತದೆ. ಸಿಐಎಸ್‌ನಲ್ಲಿ ಮುತ್ತಜ್ಜನ ಮೀಸೆ ಒಂದು ಬೂದು ಪಟ್ಟಿ. ಸಿಸಿಡಿಯಲ್ಲಿ ಕೂದಲು ಕೂದಲಾಗಿ ಬರುತ್ತದೆ. ಬೈಂಡ್ ಮಾಡಿದ ಪುಸ್ತಕದ ಮಡಿಕೆಯ ಹತ್ತಿರದ ಅಕ್ಷರ, ಸುರುಳಿ ಸುತ್ತಿಕೊಂಡ ಫೋಟೋ, ಒಣಗಿ ಉಬ್ಬಿದ ಜಾತಕದ ಹಾಳೆ, ಎಲ್ಲದಕ್ಕೂ ಇದೇ ಲೆಕ್ಕ.

ನಿಮ್ಮ ಮನೆಯ ಪ್ರಿಂಟರಿನಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಮಕ್ಕಳ ಸ್ಕೇಲ್ ತಗೊಂಡು ಒಂದು ತುದಿಯನ್ನು ಗಾಜಿಗೆ ತಾಗಿಸಿ, ಇನ್ನೊಂದು ತುದಿಯ ಕೆಳಗೆ ಪೆನ್ಸಿಲ್ ಇಟ್ಟು ಓರೆಯಾಗಿ ಮಲಗಿಸಿ. ಮೇಲೆ ಕಪ್ಪು ಬಟ್ಟೆ ಹೊದಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಸ್ಕೇಲಿನ ಗೆರೆಗಳು ಎಲ್ಲಿಂದ ಮಸುಕಾಗುತ್ತವೆ ಅಂತ ನೋಡಿದರೆ ನಿಮ್ಮ ಸ್ಕ್ಯಾನರ್ ಎಷ್ಟು ಆಳ ನೋಡುತ್ತದೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ಬಿಡಿ ಫೋಟೋ, ಚಪ್ಪಟೆ ಹಾಳೆ ಇಷ್ಟೇ ಇದ್ದವರಿಗೆ ಸಿಐಎಸ್ ಏನೂ ಕಡಿಮೆಯಲ್ಲ. ಹತ್ತು ಸಾವಿರದ ಒಳಗೆ ಮುಗಿಯುವ ವ್ಯವಹಾರ. ಲೈಡ್ 300 ಮತ್ತು 400ರ ನಡುವೆ ಯಾವುದು ಅಂತ ಕೇಳಿದರೆ ನಾನು 300 ಅನ್ನುತ್ತೇನೆ. 300ರದ್ದು 2400 ಡಿಪಿಐ, 400ರದ್ದು 4800. ಈ ವ್ಯತ್ಯಾಸ ಫೋಟೋದಲ್ಲಿ ಕಾಣುವುದಿಲ್ಲ. 400 ಸ್ವಲ್ಪ ಬೇಗ ಓಡುತ್ತದೆ, ಯುಎಸ್‌ಬಿ ಟೈಪ್-ಸಿ ಇದೆ, ಮೇಜಿನ ಮೇಲೆ ಜಾಗ ಇಲ್ಲದಿದ್ದರೆ ನಿಲ್ಲಿಸಿ ಬಳಸಲು ಸ್ಟ್ಯಾಂಡ್ ಇದೆ. ಅದು ಬೇಕು ಅನ್ನಿಸಿದರೆ ಮಾತ್ರ ಜಾಸ್ತಿ ಕೊಡಿ.

ಡಿಪಿಐ ಲೆಕ್ಕ

ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅಂತ. ನಾಲ್ಕು ಇಂಚು ಆರು ಇಂಚಿನ ಫೋಟೋವನ್ನು 300ರಲ್ಲಿ ಸ್ಕ್ಯಾನ್ ಮಾಡಿದರೆ 1200 × 1800 ಚುಕ್ಕೆ, ಅಂದರೆ ಸುಮಾರು 2 ಮೆಗಾಪಿಕ್ಸೆಲ್. 600ರಲ್ಲಿ 2400 × 3600, ಎಂಟೂವರೆ ಮೆಗಾಪಿಕ್ಸೆಲ್ ದಾಟುತ್ತದೆ. ಸ್ಟುಡಿಯೋದಲ್ಲಿ ತೊಳೆದ ಬಣ್ಣದ ಫೋಟೋದಲ್ಲಿ ಸಾಮಾನ್ಯವಾಗಿ 300ಕ್ಕಿಂತ ಜಾಸ್ತಿ ವಿವರ ಇರುವುದೇ ಇಲ್ಲ. 600 ಇಟ್ಟರೆ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಲು ಸ್ವಲ್ಪ ಕೈ ಸಡಿಲ ಇರುತ್ತದೆ. ಅದರ ಮೇಲೆ ಹೋದರೆ ಕಾಣುವುದು ಕಾಗದದ ನಾರು, ಧೂಳು.

4800 ಡಿಪಿಐನಲ್ಲಿ ಒಂದು ಎ4 ಹಾಳೆ ಸ್ಕ್ಯಾನ್ ಮಾಡಿದರೆ ಫೈಲ್ ಎಷ್ಟು ದೊಡ್ಡದಾಗುತ್ತದೆ ಗೊತ್ತಾ? ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ 6.5 ಜಿಬಿಗೂ ಜಾಸ್ತಿ. ಒಂದು ಹಾಳೆಗೆ! ಕಂಪ್ಯೂಟರ್ ಅಲ್ಲೇ ಕೈ ಎತ್ತುತ್ತದೆ. ಅದಕ್ಕೂ ಮೇಲೆ 19200 ಅಂತ ಬರೆದಿದ್ದರೆ ಅದು ಸಾಫ್ಟ್‌ವೇರ್ ನಡುವೆ ತುಂಬಿಸಿದ ಚುಕ್ಕೆ. ಆ ಅಂಕಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ತುಂಬ ಚಿಕ್ಕ ಫೋಟೋಗೆ ಮಾತ್ರ ಡಿಪಿಐ ಏರಿಸಿ. ಅಜ್ಜಿಯದು ಅಂತ ಉಳಿದಿರುವುದು ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಮಾತ್ರ ಅಂದರೆ, 35 × 45 ಮಿಲಿಮೀಟರ್‌ನ ಅದನ್ನು 1200ರಲ್ಲಿ ತೆಗೆಯಿರಿ. 300ರಲ್ಲಿ ತೆಗೆದರೆ 413 × 531 ಚುಕ್ಕೆ ಅಷ್ಟೇ ಸಿಗುತ್ತದೆ. ಗೋಡೆಗೆ ಹಾಕಲು ದೊಡ್ಡದು ಮಾಡಿದರೆ ಚೌಕ ಚೌಕ ಕಾಣುತ್ತದೆ.

ಫೋಟೋ ಗುಡ್ಡೆಗೆ ಎಷ್ಟು ಹೊತ್ತು ಹಿಡಿಯುತ್ತದೆ

ಎ4 ಗಾಜಿನ ಮೇಲೆ ನಾಲ್ಕು-ಆರು ಇಂಚಿನ ಫೋಟೋ ನಾಲ್ಕು ಹಿಡಿಯುತ್ತದೆ ಅಂತ ಅನ್ನಿಸುತ್ತದೆ. ಹಿಡಿಯುವುದಿಲ್ಲ. ಎರಡು ಉದ್ದುದ್ದ ಇಟ್ಟರೆ 30 ಸೆಂಟಿಮೀಟರ್ ದಾಟುತ್ತದೆ, ಗಾಜು ಇರುವುದು 29.7. ಎರಡು ನೆಟ್ಟಗೆ, ಒಂದು ಅಡ್ಡ ಇಟ್ಟರೆ ಮೂರು ಕೂರುತ್ತವೆ. ಹಳೇ ಪೋಸ್ಟ್‌ಕಾರ್ಡ್ ಸೈಜಿನವು ನಾಲ್ಕು ಸಲೀಸು. ಸಾವಿರ ಫೋಟೋ ಇದೆ, ಒಂದು ಸಲಕ್ಕೆ ಮೂರು, ಒರೆಸುವುದು ಜೋಡಿಸುವುದು ಸೇರಿ ಎರಡು ನಿಮಿಷ ಅಂದುಕೊಂಡರೂ ಹನ್ನೊಂದು ಗಂಟೆ ಬೇಕು. ಭಾನುವಾರ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮಾಡಿದರೆ ಮುಗಿಯುವ ಕೆಲಸವೇ. ಅದರ ಜೊತೆಗೆ ‘ಇದು ಯಾರು, ಇದು ಯಾವ ಊರು’ ಅನ್ನುವ ಪ್ರಶ್ನೆಗೆ ಅಮ್ಮ, ದೊಡ್ಡಮ್ಮ ಉತ್ತರ ಹೇಳುವುದನ್ನೂ ಬರೆದುಕೊಳ್ಳಬಹುದು.

ಒಟ್ಟಿಗೆ ಇಟ್ಟ ಫೋಟೋಗಳನ್ನು ಸಾಫ್ಟ್‌ವೇರ್ ತಾನೇ ಬೇರೆ ಬೇರೆ ಫೈಲ್ ಮಾಡುತ್ತದೆ. ಬಿಳಿ ಅಂಚಿನ ಹಳೇ ಫೋಟೋಗಳಲ್ಲಿ ಅದಕ್ಕೆ ಗೊಂದಲ. ಮುಚ್ಚಳದ ಬಿಳಿಯೂ ಅಂಚಿನ ಬಿಳಿಯೂ ಒಂದೇ ಥರ ಕಾಣುತ್ತವೆ. ಮೇಲೆ ಒಂದು ಕಪ್ಪು ಹಾಳೆ ಇಟ್ಟು ಮುಚ್ಚಿ, ಸರಿಹೋಗುತ್ತದೆ.

ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಫೋಟೋಗಳು ರೇಷ್ಮೆ ಬಟ್ಟೆಯಂಥ ಉಬ್ಬುತಗ್ಗಿನ ಕಾಗದದ ಮೇಲಿವೆ. ಕೈಯಲ್ಲಿ ಹಿಡಿದಾಗ ಚೆಂದ. ಸ್ಕ್ಯಾನ್ ಮಾಡಿದರೆ ಮುಖದ ತುಂಬ ಬಿಳಿ ಚುಕ್ಕೆ. ಸ್ಕ್ಯಾನರ್ ಬೆಳಕು ಒಂದೇ ಕಡೆಯಿಂದ ಬಿದ್ದು ಪ್ರತಿ ಉಬ್ಬೂ ಹೊಳೆಯುತ್ತದೆ. ಯಾವ ಬೆಲೆಯ ಸ್ಕ್ಯಾನರ್ ತಂದರೂ ಇದು ತಪ್ಪುವುದಿಲ್ಲ. ಒಂದು ಸಲ ನೇರ, ಇನ್ನೊಂದು ಸಲ ಫೋಟೋವನ್ನು ಪೂರ್ತಿ ತಿರುಗಿಸಿ ಸ್ಕ್ಯಾನ್ ಮಾಡಿ. ಎರಡನ್ನೂ ಗಿಂಪ್ ಥರದ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಕೂರಿಸಿ ಬೆರೆಸಿದರೆ ಚುಕ್ಕೆ ತುಂಬ ಕಡಿಮೆಯಾಗುತ್ತದೆ. ಬೇಸರದ ಕೆಲಸ. ಮುಖ್ಯವಾದ ನಾಲ್ಕಾರು ಫೋಟೋಗೆ ಮಾತ್ರ ಮಾಡಿ.

ಅದೇ ಕಾಲದ ಬಣ್ಣದ ಫೋಟೋಗಳು ಕೆಂಪಗೆ ತಿರುಗಿರುವುದನ್ನೂ ನೋಡಿರುತ್ತೀರಿ. ಫೋಟೋದಲ್ಲಿರುವ ಮೂರು ಬಣ್ಣದ ಪದರಗಳಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ಮೊದಲು ಮಾಸಿದ್ದರಿಂದ ಹಾಗಾಗಿದೆ. ಅವನ್ನು ಸ್ಕ್ಯಾನ್ ಮಾಡುವಾಗ ಬಣ್ಣದ ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವ 48 ಬಿಟ್ ಬಣ್ಣ ಆರಿಸಿ, ವಿವರ ಕಳೆಯದ ಟಿಫ್ ಫೈಲ್ ಆಗಿ ಉಳಿಸಿ. ಬಣ್ಣ ಸರಿ ಮಾಡುವಾಗ ಜೆಪೆಗ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನನಗೆ ಕೇಳಿದರೆ ಪ್ರಿಂಟರಿನ ಸ್ಕ್ಯಾನರ್ ಬಿಟ್ಟು ಬೇರೆ ಸ್ಕ್ಯಾನರ್ ಕೊಳ್ಳಲು ಇದು ಒಳ್ಳೆ ಕಾರಣ. ಪ್ರಿಂಟರ್ ಸಾಫ್ಟ್‌ವೇರಿನಲ್ಲಿ 48 ಬಿಟ್ ಆಯ್ಕೆ ಹೆಚ್ಚಾಗಿ ಇರುವುದಿಲ್ಲ. ಕೊಳ್ಳುವ ಮಾಡೆಲ್‌ನಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್

ಬ್ಯಾಂಕಿನಲ್ಲಿ, ವಕೀಲರ ಆಫೀಸಿನಲ್ಲಿ ನೋಡಿರುತ್ತೀರಿ. ಮೇಲೆ ಕಟ್ಟು ಇಟ್ಟರೆ ಸರ ಸರ ಅಂತ ಎಳೆದು ಎರಡೂ ಬದಿ ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿ ಬಿಸಾಡುತ್ತದೆ. ಸ್ಕ್ಯಾನ್‌ಸ್ನ್ಯಾಪ್ ಐಎಕ್ಸ್1600 ನಿಮಿಷಕ್ಕೆ 40 ಹಾಳೆ, ಅಂದರೆ 80 ಬದಿ ಮುಗಿಸುತ್ತದೆ. ಮೊದಲು ಫುಜಿತ್ಸು ಹೆಸರಿನಲ್ಲಿತ್ತು, ಈಗ ರಿಕೋ ಹೆಸರಿನಲ್ಲಿ ಬರುತ್ತಿದೆ. ಬ್ರದರ್, ಎಪ್ಸನ್, ಕ್ಯಾನನ್ ಕೂಡ ಈ ಥರದ್ದು ಮಾಡುತ್ತವೆ.

ಮನೆಯಿಂದಲೇ ಲೆಕ್ಕಪತ್ರ ನೋಡುವವರು, ಟ್ಯೂಷನ್ ನೋಟ್ಸ್ ಹಂಚುವ ಮೇಷ್ಟ್ರು, ಹತ್ತು ವರ್ಷದ ಫೈಲನ್ನು ಕಂಪ್ಯೂಟರಿಗೆ ಏರಿಸಿ ಬೀರು ಖಾಲಿ ಮಾಡಬೇಕು ಅನ್ನುವವರು ತಗೊಳ್ಳಲಿ. ಇವರು ಗಾಜಿನ ಸ್ಕ್ಯಾನರ್ ತಂದರೆ ಒಂದೇ ವಾರಕ್ಕೆ ಬೇಜಾರಾಗಿ ಅಟ್ಟಕ್ಕೆ ಎಸೆಯುತ್ತಾರೆ.

ಉಳಿದವರು ಹುಷಾರಾಗಿರಿ. ರೋಲರ್‌ಗೆ ಹಳೇ ಹಾಳೆಯ ಮೇಲೆ ಕರುಣೆ ಇಲ್ಲ. ಮಡಿಕೆಯಲ್ಲಿ ಹರಿಯುತ್ತಿರುವ ಹಳೇ ಛಾಪಾ ಕಾಗದ, ಹುಳ ತಿಂದ ಪತ್ರ, ತೆಳು ಕಾರ್ಬನ್ ಪ್ರತಿ ಇದಕ್ಕೆ ಹಾಕಲೇಬಾರದು. ಸ್ಟೇಪ್ಲರ್ ಪಿನ್ ಒಂದು ಉಳಿದರೂ ಒಳಗಿನ ಗಾಜಿಗೆ ಗೀರು. ಆ ಗಾಜಿನ ಮೇಲೆ ಸಾಸಿವೆಗಿಂತ ಚಿಕ್ಕ ಧೂಳು ಕೂತರೂ ಪ್ರತಿ ಪುಟದಲ್ಲೂ ಮೇಲಿಂದ ಕೆಳಗೆ ಒಂದು ಗೆರೆ. ನೂರು ಪುಟ ಆದ ಮೇಲೆ ನೋಡಿದರೆ ನೂರರಲ್ಲೂ ಗೆರೆ. ನಡುನಡುವೆ ನೋಡುತ್ತಿರಬೇಕು.

ಫೋಟೋಗೂ ಇದೇ ಜಾತಿಯದು ಇದೆ, ಎಪ್ಸನ್ ಫಾಸ್ಟ್‌ಫೋಟೋ ಎಫ್ಎಫ್-680ಡಬ್ಲ್ಯೂ. 300 ಡಿಪಿಐನಲ್ಲಿ ಸೆಕೆಂಡಿಗೆ ಒಂದು ಫೋಟೋ. ಆಲ್ಬಂ ಗಟ್ಟಲೆ ಡಿಜಿಟಲ್ ಮಾಡುವ ಸ್ಟುಡಿಯೋದವರಿಗೆ ಸರಿ. ಇರುವುದು ಒಂದೇ ಪ್ರತಿ, ನೆಗೆಟಿವ್ ಕಳೆದುಹೋಗಿದೆ ಅನ್ನುವ ಫೋಟೋವನ್ನು ನಾನಂತೂ ರೋಲರ್‌ಗೆ ಕೊಡುವುದಿಲ್ಲ.

ಕ್ರಯಪತ್ರದ ತಾಪತ್ರಯ

ಈಗ ಲೀಗಲ್ ಸೈಜಿನ ವಿಷಯ. ನಮ್ಮ ಕ್ರಯಪತ್ರ, ವಿಭಾಗಪತ್ರಗಳು ಸಾಮಾನ್ಯವಾಗಿ ಲೀಗಲ್ ಸೈಜಿನ ಹಾಳೆಯಲ್ಲಿ ಇರುತ್ತವೆ. ಲೀಗಲ್ ಅಂದರೆ 14 ಇಂಚು ಉದ್ದ, 35.6 ಸೆಂಟಿಮೀಟರ್. ಮನೆಗೆ ಅಂತ ಮಾರುವ ಗಾಜಿನ ಸ್ಕ್ಯಾನರ್‌ಗಳು ಬಹುಪಾಲು ಎ4. ಕೆಳಗಿನ ಆರು ಸೆಂಟಿಮೀಟರ್ ಹೊರಗೆ ಉಳಿಯುತ್ತದೆ. ಸಾಕ್ಷಿ ಸಹಿ, ಹೆಬ್ಬೆಟ್ಟು ಇರುವುದು ಅಲ್ಲೇ!

ಬಿಡಿ ಹಾಳೆಯಾದರೆ ಫೀಡರ್ ಇರುವುದರಲ್ಲಿ ಕೆಲಸ ಆಗುತ್ತದೆ. ಹೊಲಿದ ಮೂಲ ಪತ್ರ ಆದರೆ ದಾರ ಬಿಚ್ಚಲು ಹೋಗಬೇಡಿ. ನೋಂದಣಿಯಾದ ಮೂಲವನ್ನು ಬಿಚ್ಚಿ ಮತ್ತೆ ಹೊಲಿದರೆ ಮುಂದೆ ಬ್ಯಾಂಕಿನವರು ಸುಮ್ನೆ ಪ್ರಶ್ನೆ ಕೇಳುತ್ತಾರೆ. ಇಂಥದ್ದಕ್ಕೆ ಮೇಲಿಂದ ನೋಡುವ ಸ್ಕ್ಯಾನರ್ ಚೆನ್ನ. ದೀಪದ ಕಂಬದ ಹಾಗೆ ನಿಂತು ಕೆಳಗಿನ ಪುಟದ ಚಿತ್ರ ತೆಗೆಯುತ್ತದೆ. ಸಿಜರ್ ಕಂಪನಿಯವು ಹೆಚ್ಚು ಕಾಣುತ್ತವೆ. ಊರಿನ ದೇವಸ್ಥಾನದ ಹಳೇ ಲೆಕ್ಕದ ಪುಸ್ತಕ, ತಾತನ ದಿನಚರಿ ಅಂತ ಪುಸ್ತಕಗಟ್ಟಲೆ ಇದ್ದವರಿಗೆ ಅದು ಬೇಕಾದೀತು. ನಾಲ್ಕು ಕ್ರಯಪತ್ರಕ್ಕೆ ಫೋನ್ ಸ್ಟ್ಯಾಂಡ್ ಸಾಕು. ಕಿಟಕಿ ಪಕ್ಕ ಮೇಜು ಹಾಕಿ, ನೇರ ಬಿಸಿಲು ಬೀಳದ ಹಾಗೆ ನೋಡಿ, ಫೋನನ್ನು ಪುಟಕ್ಕೆ ಸರಿಯಾಗಿ ಮೇಲೆ ಕಟ್ಟಿ, ಒಂದೊಂದೇ ಪುಟ ತಿರುಗಿಸಿ.

ದಾಖಲೆ ಸ್ಕ್ಯಾನ್ ಮಾಡುವಾಗ ಫೈಲ್ ಚಿಕ್ಕದಾಗಲಿ ಅಂತ ಕಪ್ಪುಬಿಳುಪು ಇಡುತ್ತಾರೆ. ಬೇಡ. ಬರೀ ಕಪ್ಪುಬಿಳುಪಿನಲ್ಲಿ ಹೆಬ್ಬೆಟ್ಟಿನ ಗುರುತು ಒಂದು ಕಪ್ಪು ಮುದ್ದೆಯಾಗುತ್ತದೆ. ಉಪನೋಂದಣಿ ಕಚೇರಿಯ ನೇರಳೆ ಮೊಹರು ಕೆಳಗಿನ ಅಕ್ಷರವನ್ನು ನುಂಗುತ್ತದೆ. ಬಣ್ಣದಲ್ಲಿ 300 ಡಿಪಿಐ ಇಡಿ. ಮೊಹರು ಬೇರೆ, ಸಹಿ ಬೇರೆ, ಟೈಪ್ ಬೇರೆ ಕಾಣಬೇಕು. ಸ್ಕ್ಯಾನ್ ಪ್ರತಿ ನಿಮ್ಮ ಅನುಕೂಲಕ್ಕೆ ಅಷ್ಟೇ. ಕಚೇರಿಗೆ ಕೊಡಬೇಕಾದರೆ ದೃಢೀಕೃತ ನಕಲಿಗೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ನೆಗೆಟಿವ್ ಇದ್ದರೆ ಮಾತು ಬೇರೆ

ಸ್ಟುಡಿಯೋ ಕವರಿನಲ್ಲಿ ಉಳಿದಿರುವ ನೆಗೆಟಿವ್‌ನಲ್ಲಿ ಫೋಟೋಗಿಂತ ಜಾಸ್ತಿ ವಿವರ ಇರುತ್ತದೆ. ಪ್ರಿಂಟಿನಲ್ಲಿ ಬರೀ ಬಿಳಿಯಾಗಿ ಕಾಣುವ ಮದುಮಗನ ಪಂಚೆಯ ಮಡಿಕೆ ನೆಗೆಟಿವ್‌ನಲ್ಲಿ ಸಿಗುವುದುಂಟು. ಆದರೆ ಅದಕ್ಕೆ ಹಿಂದಿನಿಂದ ಬೆಳಕು ಬೇಕು. ಮುಚ್ಚಳದಲ್ಲೂ ದೀಪ ಇರುವ ಸ್ಕ್ಯಾನರ್ ಬೇಕು. ಲೈಡ್ 300, ಪ್ರಿಂಟರಿನ ಸ್ಕ್ಯಾನರ್ ಯಾವುದೂ ಆಗುವುದಿಲ್ಲ.

35 ಎಂಎಂ ನೆಗೆಟಿವ್‌ನ ಒಂದು ಚಿತ್ರ 24 × 36 ಮಿಲಿಮೀಟರ್. ಅದನ್ನು 2400 ಡಿಪಿಐನಲ್ಲಿ ತೆಗೆದರೆ ಸುಮಾರು ಏಳೂಮುಕ್ಕಾಲು ಮೆಗಾಪಿಕ್ಸೆಲ್. ದೊಡ್ಡ ಡಿಪಿಐಗೆ ನಿಜವಾದ ಕೆಲಸ ಇರುವುದು ಇಲ್ಲಿ ಮಾತ್ರ. ಎಪ್ಸನ್ ವಿ600 ಒಂದು ಸಲಕ್ಕೆ 12 ಚಿತ್ರ ಹಿಡಿಯುತ್ತದೆ. 6400 ಡಿಪಿಐ ಅಂತ ಬರೆದಿದ್ದರೂ ಕೈಗೆ ಸಿಗುವ ವಿವರ ಅದಕ್ಕಿಂತ ತುಂಬ ಕಡಿಮೆ. ಬರೀ 35 ಎಂಎಂ ಇದ್ದವರಿಗೆ ಪ್ಲಸ್‌ಟೆಕ್ ಆಪ್ಟಿಕ್‌ಫಿಲಂ 8100 ಥರದ ಫಿಲಂಗೇ ಮೀಸಲಾದ ಯಂತ್ರ ಚೆನ್ನಾಗಿ ಎತ್ತುತ್ತದೆ. ಆದರೆ ಚಿತ್ರ ಚಿತ್ರಕ್ಕೂ ಕೈಯಲ್ಲಿ ತಳ್ಳಬೇಕು. ಆಗ್ಫಾ ಕ್ಲಿಕ್ ಥರದ ಬಾಕ್ಸ್ ಕ್ಯಾಮೆರಾದ ಅಗಲ ನೆಗೆಟಿವ್ ಇದ್ದರೆ ಪ್ಲಸ್‌ಟೆಕ್‌ನ ಆ ಯಂತ್ರ ಆಗುವುದಿಲ್ಲ, ವಿ600 ಆಗುತ್ತದೆ. ಹಾಟ್‌ಶಾಟ್ ಕ್ಯಾಮೆರಾದ ಪುಟಾಣಿ 110 ನೆಗೆಟಿವ್‌ಗೆ ಎರಡರ ಜೊತೆಯೂ ಹೋಲ್ಡರ್ ಬರುವುದಿಲ್ಲ, ರಟ್ಟು ಕತ್ತರಿಸಿ ಮಾಡಿಕೊಳ್ಳಬೇಕು.

ಧೂಳು, ಗೀರು ತಾನೇ ಅಳಿಸುವ ಡಿಜಿಟಲ್ ಐಸ್ ಅಂತ ಒಂದು ಸೌಕರ್ಯ ಇದೆ. ಅದು ಇನ್‌ಫ್ರಾರೆಡ್ ಬೆಳಕಿನಲ್ಲಿ ಧೂಳು ಹುಡುಕುತ್ತದೆ. ಬಣ್ಣದ ನೆಗೆಟಿವ್‌ಗೆ ಬಹಳ ಒಳ್ಳೆಯದು. ಮಾಮೂಲಿ ಕಪ್ಪುಬಿಳುಪು ಫಿಲಂನಲ್ಲಿ ಚಿತ್ರವೇ ಬೆಳ್ಳಿಯದು, ಇನ್‌ಫ್ರಾರೆಡ್‌ಗೂ ಅಡ್ಡ ನಿಲ್ಲುತ್ತದೆ, ಆದ್ದರಿಂದ ಕೆಲಸ ಮಾಡುವುದಿಲ್ಲ. ನಿಮ್ಮ ಹತ್ತಿರ ಇರುವುದೆಲ್ಲ ಕಪ್ಪುಬಿಳುಪು ನೆಗೆಟಿವ್ ಅಂದರೆ ಈ ಸೌಕರ್ಯಕ್ಕೆ ಅಂತ ದುಡ್ಡು ಕೊಡಬೇಡಿ. ಐದಾರು ರೋಲ್ ಮಾತ್ರ ಇದ್ದರೆ ಯಂತ್ರವನ್ನೇ ಕೊಳ್ಳಬೇಡಿ. ಫಿಲಂ ಸ್ಕ್ಯಾನ್ ಮಾಡುವ ಲ್ಯಾಬಿಗೆ ಕೊಟ್ಟರೆ ಅಗ್ಗಕ್ಕೆ ಮುಗಿಯುತ್ತದೆ.

ಕನ್ನಡ ಅಕ್ಷರ ಓದುತ್ತದಾ?

ಸ್ಕ್ಯಾನರ್ ಜೊತೆ ಬರುವ, ಚಿತ್ರದಲ್ಲಿರುವ ಅಕ್ಷರವನ್ನು ಓದಿ ಪಠ್ಯ ಮಾಡುವ ಓಸಿಆರ್ ಸಾಫ್ಟ್‌ವೇರಿನಲ್ಲಿ ಕನ್ನಡ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸ್ಕ್ಯಾನ್ ಮಾಡಿದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಮನೆಯ ದಾಖಲೆ ಹೊರಗೆ ಹೋಗುವುದು ಬೇಡ ಅಂದರೆ ನ್ಯಾಪ್ಸ್2 ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಅಕ್ಷರ ಓದಲು ಟೆಸರಾಕ್ಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತದೆ, ಕನ್ನಡ ಭಾಷೆಯನ್ನು ಆರಿಸಿ ಇಳಿಸಿಕೊಳ್ಳಬಹುದು.

ಇಲ್ಲಿ ಡಿಪಿಐ ಸ್ವಲ್ಪ ಏರಿಸಬೇಕು, ಕಾರಣ ಒತ್ತಕ್ಷರ. 12 ಪಾಯಿಂಟ್ ಅಕ್ಷರಕ್ಕೆ 200 ಡಿಪಿಐನಲ್ಲಿ ಸಿಗುವುದು ಸುಮಾರು 33 ಚುಕ್ಕೆ ಎತ್ತರ. ಅದರಲ್ಲೇ ಮೇಲೆ ಗುಡಿಸು, ಕೆಳಗೆ ಒತ್ತು ಎಲ್ಲ ಕೂರಬೇಕು. ಒತ್ತಿಗೆ ಉಳಿಯುವುದು ಬೆರಳೆಣಿಕೆಯ ಚುಕ್ಕೆ. ‘ತ’ ಒತ್ತೋ ‘ನ’ ಒತ್ತೋ ಗೊತ್ತಾಗದೆ ತೋಚಿದ್ದು ಬರೆಯುತ್ತದೆ. 400ರಲ್ಲಿ 66 ಚುಕ್ಕೆ ಸಿಗುತ್ತದೆ, ತಪ್ಪು ಕಡಿಮೆಯಾಗುತ್ತದೆ. ಆಮೇಲೂ ಸೊನ್ನೆ ಮತ್ತು ಅನುಸ್ವಾರ, ಅರ್ಕಾವತ್ತು ಮತ್ತು ಕನ್ನಡದ ಒಂಬತ್ತು ಅದಲುಬದಲಾಗುವುದು ಇದ್ದೇ ಇದೆ. ಮೊಳೆ ಅಚ್ಚಿನ ಹಳೇ ಪುಸ್ತಕವಾದರೆ ಸಾಲು ಸಾಲು ತಿದ್ದಬೇಕು. ಶ್ಯಾನುಭೋಗರ ಕೈಬರಹ ಓದಿಸುವ ಆಸೆ ಸದ್ಯಕ್ಕೆ ಬಿಡಿ.

ಸೆಕೆಂಡ್‌ಹ್ಯಾಂಡ್ ತರುವವರಿಗೆ

ಸಿಸಿಡಿ ಸ್ಕ್ಯಾನರ್ ಹೊಸದು ದುಬಾರಿ, ಕೆಲವು ಒಳ್ಳೆಯವು ಈಗ ತಯಾರಾಗುತ್ತಲೇ ಇಲ್ಲ. ಕ್ಯಾನೋಸ್ಕ್ಯಾನ್ 9000ಎಫ್ ಮಾರ್ಕ್ 2 ಅಂಥದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಹಳೆಯದು ಸಿಕ್ಕರೆ ಬಿಡಬೇಡಿ, ಆದರೆ ಮೊದಲು ಡ್ರೈವರ್, ಅಂದರೆ ಕಂಪ್ಯೂಟರಿನಿಂದ ಸ್ಕ್ಯಾನರ್ ನಡೆಸುವ ಸಾಫ್ಟ್‌ವೇರ್, ವಿಚಾರಿಸಿ. ಹಳೇ ಸ್ಕ್ಯಾನರ್ ಸಾಯುವುದು ಯಂತ್ರ ಕೆಟ್ಟಲ್ಲ, ಹೊಸ ವಿಂಡೋಸ್‌ಗೆ ಡ್ರೈವರ್ ಸಿಗದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಹಳೇ 32 ಬಿಟ್ ಸಾಫ್ಟ್‌ವೇರ್ ಓಡುವುದೇ ಇಲ್ಲ. ವ್ಯೂಸ್ಕ್ಯಾನ್ ಅನ್ನುವ ದುಡ್ಡಿನ ಸಾಫ್ಟ್‌ವೇರ್ ಸಾವಿರಾರು ಹಳೇ ಮಾಡೆಲ್‌ಗಳನ್ನು ನಡೆಸುತ್ತದೆ. ಅದರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದೆಯಾ ನೋಡಿ, ಇಲ್ಲದಿದ್ದರೆ ಮುಟ್ಟಬೇಡಿ. ಉಬುಂಟು ಬಳಸುವವರು, ಅದರಲ್ಲಿ ಸ್ಕ್ಯಾನರ್ ನಡೆಸುವ ಸೇನ್ ಅನ್ನುವ ಸಾಫ್ಟ್‌ವೇರಿನ ಪಟ್ಟಿ ನೋಡಲಿ. ಲೈಡ್ 300, 400 ಎರಡೂ ಅದರಲ್ಲಿವೆ.

ಮಾರುವವರ ಮನೆಯಲ್ಲೇ ಒಂದು ಸ್ಕ್ಯಾನ್ ಮಾಡಿಸಿ. ಬಿಳಿ ಹಾಳೆ ಇಟ್ಟು 600 ಡಿಪಿಐ ಬಣ್ಣದಲ್ಲಿ ತೆಗೆಸಿ, ದೊಡ್ಡದು ಮಾಡಿ ನೋಡಿ. ಉದ್ದುದ್ದ ಬಣ್ಣದ ಗೆರೆ ಇದ್ದರೆ ಸೆನ್ಸರ್ ಮೇಲೆ ಕಸವಿದೆ ಅಥವಾ ಸೆನ್ಸರೇ ಹೋಗಿದೆ. ಗಾಜಿನ ಒಳಬದಿ ಮಂಜು ಕಟ್ಟಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಫಿಲಂ ಹೋಲ್ಡರ್ ಕೇಳಿ ಪಡೆಯಿರಿ, ಅದಿಲ್ಲದೆ ನೆಗೆಟಿವ್ ಕೆಲಸ ಆಗುವುದಿಲ್ಲ. ಅಡಾಪ್ಟರ್ ಆ ಯಂತ್ರದ್ದೇನಾ ಅಂತ ವೋಲ್ಟ್ ಹೊಂದಿಸಿ ನೋಡಿ. ಹಳೇ ಸಿಸಿಡಿ ಸ್ಕ್ಯಾನರ್‌ಗಳ ಪಕ್ಕದಲ್ಲೋ ತಳದಲ್ಲೋ ಬೀಗದ ಚಿತ್ರ ಇರುವ ಒಂದು ಗುಂಡಿ ಇರುತ್ತದೆ. ಸಾಗಿಸುವ ಮೊದಲು ಅದನ್ನು ಲಾಕ್ ಮಾಡಿ, ಮನೆಗೆ ತಂದು ಪ್ಲಗ್ ಹಾಕುವ ಮೊದಲು ತೆಗೆಯಿರಿ. ಲಾಕ್ ಹಾಗೇ ಬಿಟ್ಟು ಸ್ವಿಚ್ ಒತ್ತಿದರೆ ಒಳಗೆ ಕರಕರ ಅನ್ನುತ್ತದೆ. ಅದನ್ನು ಕೇಳಿದ ಕೂಡಲೇ ಆಫ್ ಮಾಡಿ.